ಆಕ್ಸೆಸ್ ಫಾರ್ಮ್‌ನ ಬಟನ್ ಒತ್ತಿದರೆ ಕೆಲವು ಪಿಡಿಎಫ್ ತೆರೆಯುತ್ತವೆ, ಕೆಲವು ಇಲ್ಲ. ಎಂತ ಸಮಸ್ಯೆ ಇದು?

ದಸ್ತಾವೇಜು_ಉಡುಪಿ
ನಮಸ್ಕಾರ. ಉಡುಪಿಯಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಜಾಗದ ಕೆಲಸವೇ ಜಾಸ್ತಿ. ಕ್ರಯಪತ್ರ, ವಿಭಾಗಪತ್ರ, ವೀಲುನಾಮೆ, ಪಹಣಿ, ಇಸಿ (ಋಣಭಾರ ಪತ್ರ), ಹಳೇ ಮೂಲಗೇಣಿ (ಶಾಶ್ವತ ಗೇಣಿ) ಪತ್ರ, ಡಿಕ್ಲರೇಶನ್ ಆರ್ಡರ್, ಎಲ್ಲ ಸ್ಕ್ಯಾನ್ ಮಾಡಿ ಒಂದು ಕಂಪ್ಯೂಟರಿನಲ್ಲಿ ಇಟ್ಟಿದ್ದೇವೆ. ಕಕ್ಷಿದಾರರ ಪಟ್ಟಿ ಮೈಕ್ರೋಸಾಫ್ಟ್ ಆಕ್ಸೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ ಉಂಟು. ಫಾರ್ಮ್‌ನಲ್ಲಿ ಒಂದೊಂದು ದಾಖಲೆಯ ಸಾಲಿನ ಪಕ್ಕ "ತೆರೆ" ಅಂತ ಬಟನ್. ಒತ್ತಿದರೆ ಆ ಸಾಲಿನ ಪಿಡಿಎಫ್ ಅಥವಾ ವರ್ಡ್ ಫೈಲ್ ತೆರೆಯಬೇಕು, ಅಷ್ಟೇ.

ಈಗ ಕೆಲವು ತೆರೆಯುತ್ತವೆ. ಕೆಲವಕ್ಕೆ 490 ನಂಬರಿನ ಎರರ್ ಬರುತ್ತದೆ, ಫೈಲ್ ತೆರೆಯಲು ಆಗುವುದಿಲ್ಲ ಅಂತ. ಫೋಲ್ಡರಿಗೆ ಹೋಗಿ ನೋಡಿದರೆ ಫೈಲ್ ಅಲ್ಲೇ ಉಂಟು, ಡಬಲ್ ಕ್ಲಿಕ್ ಮಾಡಿದರೆ ತೆರೆಯುತ್ತದೆ! ಜೂನಿಯರ್ ವಕೀಲರ ಕಂಪ್ಯೂಟರಿನಲ್ಲಿ ಒಂದೂ ತೆರೆಯುವುದಿಲ್ಲ. ಟೈಪಿಸ್ಟ್ ಹುಡುಗಿಯ ಕಂಪ್ಯೂಟರಿನಲ್ಲಿ ಬಟನ್ ಒತ್ತಿದರೆ ಎರರ್ ಕೂಡ ಇಲ್ಲ, ಸುಮ್ನೆ ಕೂತಿರುತ್ತದೆ. ಯಾರಾದರೂ ದಾರಿ ತೋರಿಸಿ ಮಾರಾಯ್ರೆ.

ಬಂದರಿನವ
ಬಟನ್ ಹಿಂದೆ ಯಾವ ಕಮಾಂಡ್ ಹಾಕಿದ್ದೀರಿ? ತೆರೆಯದ ಫೈಲ್‌ಗಳ ಹೆಸರು ಹೇಗಿದೆ, ಒಂದೆರಡು ಹಾಗೆಯೇ ಬರೆಯಿರಿ.

ದಸ್ತಾವೇಜು_ಉಡುಪಿ
ವಿಬಿಎಯಲ್ಲಿ (ಆಕ್ಸೆಸ್‌ನಲ್ಲಿ ಕೋಡ್ ಬರೆಯುವ ಭಾಷೆ) ಒಂದೇ ಸಾಲು, ಅಪ್ಲಿಕೇಶನ್ ಡಾಟ್ ಫಾಲೋಹೈಪರ್‌ಲಿಂಕ್, ಅದರ ಮುಂದೆ ಪಾತ್ (ಫೈಲ್ ಇರುವ ಜಾಗದ ವಿಳಾಸ) ಇರುವ ಕಾಲಂನ ಹೆಸರು. ಕಾಲಂನಲ್ಲಿ ಝಡ್ ಡ್ರೈವ್‌ನಿಂದ ಶುರು ಆಗುವ ಪೂರ್ತಿ ಪಾತ್ ಉಂಟು. ತೆರೆಯದ ಫೈಲ್ ಅಂದರೆ "ಸೇಲ್ ಡೀಡ್ ಮನೆ #2-84", "ಪರ್ಕಳ #5-17ಎ" ಇಂಥವು, ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡದಲ್ಲಿ ಹೆಸರು ಇರುವ ಕೆಲವು ಫೈಲ್ ಕೂಡ ಉಂಟು, ಅವು ತೆರೆಯುತ್ತವೆ.

ಮಣ್ಣಪಳ್ಳ
ಮೂರು ಕಂಪ್ಯೂಟರಿನಲ್ಲಿ ಮೂರು ಬೇರೆ ಬೇರೆ ಕಾಯಿಲೆ ಉಂಟು ನಿಮ್ಮಲ್ಲಿ. ಒಂದೇ ಮದ್ದು ಹುಡುಕಲು ಹೋದರೆ ತಲೆ ಕೆಡುತ್ತದೆ.

ಮೊದಲನೆಯದು ಆ # ಗುರುತು. ಫಾಲೋಹೈಪರ್‌ಲಿಂಕ್ ನಿಮ್ಮ ಪಾತನ್ನು ಫೈಲ್ ಹೆಸರು ಅಂತ ನೋಡುವುದಿಲ್ಲ, ವೆಬ್ ಲಿಂಕ್ ಥರ ನೋಡುತ್ತದೆ. ಲಿಂಕ್‌ನಲ್ಲಿ # ಬಂದರೆ ವಿಳಾಸ ಅಲ್ಲಿಗೆ ಮುಗಿಯಿತು, ಮುಂದಿನದು ಪುಟದ ಒಳಗಿನ ಜಾಗ ಅಂತ ಅರ್ಥ. ಹಾಗಾಗಿ "ಸೇಲ್ ಡೀಡ್ ಮನೆ" ಅನ್ನುವ ಫೈಲ್ ಹುಡುಕುತ್ತದೆ. ಅಂಥ ಫೈಲ್ ಇಲ್ಲ. 490. ಎಕ್ಸ್‌ಪ್ಲೋರರ್‌ಗೆ ಈ ತಕರಾರು ಇಲ್ಲ, ವಿಂಡೋಸ್ ಮಟ್ಟಿಗೆ # ಒಂದು ಮಾಮೂಲಿ ಅಕ್ಷರ. ಅದಕ್ಕೇ ಡಬಲ್ ಕ್ಲಿಕ್ಕಿಗೆ ತೆರೆಯುವುದು.

ಎರಡನೆಯದು ಝಡ್ ಡ್ರೈವ್. ಡ್ರೈವ್ ಮ್ಯಾಪ್ ಮಾಡುವುದು, ಅಂದರೆ ನೆಟ್‌ವರ್ಕಿನ ಫೋಲ್ಡರಿಗೆ ಒಂದು ಡ್ರೈವ್ ಅಕ್ಷರ ಕೊಡುವುದು, ಆಯಾ ಕಂಪ್ಯೂಟರಿನ ಆಯಾ ಯೂಸರ್‌ಗೆ ಮಾತ್ರ. ಜೂನಿಯರ್ ವಕೀಲರ ಕಂಪ್ಯೂಟರಿನಲ್ಲಿ ಅದೇ ಫೋಲ್ಡರ್ ವೈ ಡ್ರೈವ್ ಆಗಿರಬಹುದು, ಮ್ಯಾಪೇ ಆಗದೆ ಇರಬಹುದು. ನೋಡಿ ಹೇಳಿ.

ಮೂರನೆಯದು, ಬಟನ್ ಸುಮ್ನೆ ಕೂರುವುದು. ಅಲ್ಲಿ ವಿಬಿಎ ಓಡುತ್ತಲೇ ಇಲ್ಲ ಅಂತ ನನ್ನ ಅಂದಾಜು. ಆಕ್ಸೆಸ್ ಫೈಲ್ ಟ್ರಸ್ಟೆಡ್ ಲೊಕೇಶನ್‌ನಲ್ಲಿ, ಅಂದರೆ ನಂಬಬಹುದು ಅಂತ ಆಕ್ಸೆಸ್‌ಗೆ ಹೇಳಿಟ್ಟ ಫೋಲ್ಡರಿನಲ್ಲಿ, ಇಲ್ಲದಿದ್ದರೆ ಮೇಲೆ ಒಂದು ಹಳದಿ ಪಟ್ಟಿ ಬರುತ್ತದೆ, ಅದನ್ನು ಯಾರೋ ಮುಚ್ಚಿರುತ್ತಾರೆ. ಆಪ್ಶನ್ಸ್, ಟ್ರಸ್ಟ್ ಸೆಂಟರ್, ಟ್ರಸ್ಟೆಡ್ ಲೊಕೇಶನ್ಸ್‌ಗೆ ಹೋಗಿ ಆ ಫೋಲ್ಡರ್ ಸೇರಿಸಿ. ಫೈಲ್ ವಾಟ್ಸಾಪ್‌ನಲ್ಲೋ ಮೇಲ್‌ನಲ್ಲೋ ಬಂದದ್ದಾದರೆ ಪ್ರಾಪರ್ಟೀಸ್‌ನಲ್ಲಿ ಅನ್‌ಬ್ಲಾಕ್ ಟಿಕ್ ಮಾಡಬೇಕು. 2022ರಿಂದ ಇಂಟರ್ನೆಟ್‌ನಿಂದ ಬಂದ ಆಫೀಸ್ ಫೈಲ್‌ಗಳ ಮ್ಯಾಕ್ರೋವನ್ನು (ಫೈಲಿನೊಳಗಿನ ಕೋಡ್) ಮೈಕ್ರೋಸಾಫ್ಟ್ ತಾನಾಗಿಯೇ ತಡೆಯುತ್ತದೆ.

ದಸ್ತಾವೇಜು_ಉಡುಪಿ
ಟೈಪಿಸ್ಟ್ ಕಂಪ್ಯೂಟರ್ ಸರಿ ಆಯ್ತು! ಟ್ರಸ್ಟೆಡ್ ಲೊಕೇಶನ್ನೇ ಕಾರಣ. ಜೂನಿಯರ್ ವಕೀಲರಲ್ಲಿ ಝಡ್ ಅಂದರೆ ಅವರ ಪೆನ್ ಡ್ರೈವ್ ಅಂತೆ, ನಮ್ಮ ಫೋಲ್ಡರ್ ಇಲ್ಲವೇ ಇಲ್ಲ.

# ಹೇಗೆ ಬಿಡಿಸುವುದು? ಹೆಸರು ಬದಲಾಯಿಸಿದರೆ ಕಾಲಂನಲ್ಲೂ ಬದಲಾಯಿಸಬೇಕು, ಸಾವಿರಗಟ್ಟಲೆ ಉಂಟು.

ಬಂದರಿನವ
ಹೆಸರು ಬದಲಾಯಿಸದೆ ದಾರಿ ಉಂಟು. ಫಾಲೋಹೈಪರ್‌ಲಿಂಕ್ ಬಿಟ್ಟು ಶೆಲ್‌ಎಕ್ಸಿಕ್ಯೂಟ್ ಬಳಸಿ. ಇದು ವಿಂಡೋಸ್‌ನದ್ದೇ ಫಂಕ್ಷನ್, ಎಕ್ಸ್‌ಪ್ಲೋರರ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಎಂತ ಆಗುತ್ತದೋ ಅದೇ ಕೆಲಸ ಇದೂ ಮಾಡುತ್ತದೆ. ಮಾಡ್ಯೂಲ್‌ನ, ಅಂದರೆ ಕೋಡ್ ಬರೆಯುವ ಪುಟದ, ತಲೆಗೆ ಅದನ್ನು ಡಿಕ್ಲೇರ್ ಮಾಡಬೇಕು, 64 ಬಿಟ್ ಆಫೀಸ್ ಆದರೆ ಪಿಟಿಆರ್‌ಸೇಫ್ ಅನ್ನುವ ಪದ ಸೇರಿಸದೆ ಅದು ಕಂಪೈಲೇ ಆಗುವುದಿಲ್ಲ. ಇಂಟರ್ನೆಟ್‌ನಲ್ಲಿ ಸಿಗುವ ಹಳೇ ಕೋಡ್ ಹೆಚ್ಚಿನದ್ದು ಆಫೀಸ್ 2010ಕ್ಕಿಂತ ಹಿಂದಿನದ್ದು, ಆ ಪದ ಇರುವುದಿಲ್ಲ. ನೋಡಿ ನಕಲು ಮಾಡಿ.

ಇನ್ನೊಂದು ಲಾಭ, ಇದು ಒಂದು ನಂಬರ್ ವಾಪಸ್ ಕೊಡುತ್ತದೆ. 32ಕ್ಕಿಂತ ಜಾಸ್ತಿ ಬಂದರೆ ತೆರೆಯಿತು. 2 ಬಂದರೆ ಫೈಲ್ ಇಲ್ಲ, 5 ಬಂದರೆ ಅನುಮತಿ ಇಲ್ಲ, 31 ಬಂದರೆ ಆ ಜಾತಿಯ ಫೈಲ್ ತೆರೆಯುವ ಸಾಫ್ಟ್‌ವೇರ್ ಇಲ್ಲ. ಹಾಗಾಗಿ ಯಾವುದಕ್ಕೆ ಯಾವ ಸಂದೇಶ ತೋರಿಸಬೇಕು ಅಂತ ನೀವೇ ಬರೆಯಬಹುದು. ಟೈಪಿಸ್ಟ್‌ಗೆ 490 ಅಂದರೆ ಎಂತ ಗೊತ್ತಾಗುತ್ತದೆ?

ಸುರತ್ಕಲ್_ಬೋಗಿ
ವಿಬಿಎಯದ್ದೇ ಶೆಲ್ ಅಂತ ಒಂದು ಉಂಟಲ್ಲ, ಅದು ಸುಲಭ ಅಲ್ವಾ? ಒಂದೇ ಸಾಲು, ಡಿಕ್ಲೇರ್ ಗಿಕ್ಲೇರ್ ಇಲ್ಲ.

ಬಂದರಿನವ
ಶೆಲ್‌ಗೆ ಪಿಡಿಎಫ್ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ ತಮ್ಮ. ಅದಕ್ಕೆ ಓಡಿಸುವ ಪ್ರೋಗ್ರಾಂನ ಹೆಸರೇ ಬೇಕು. ಒಂದು ಕಂಪ್ಯೂಟರಿನಲ್ಲಿ ಒಂದು ಪಿಡಿಎಫ್ ರೀಡರ್, ಇನ್ನೊಂದರಲ್ಲಿ ಇನ್ನೊಂದು, ಎಲ್ಲದರ ಜಾಗ ಬರೆಯುತ್ತಾ ಕೂರಬೇಕು. ಎಕ್ಸ್‌ಪ್ಲೋರರ್ ಹೆಸರು ಬರೆದು ಮುಂದೆ ಪಾತ್ ಕೊಟ್ಟರೆ ಕೆಲಸ ಆಗುತ್ತದೆ, ಆದರೆ ಪಾತ್‌ನ ಎರಡೂ ಕಡೆ ಡಬಲ್ ಕೋಟ್ ಹಾಕಬೇಕು, ಇಲ್ಲದಿದ್ದರೆ ಹೆಸರಿನಲ್ಲಿ ಸ್ಪೇಸ್ ಬಂದಲ್ಲಿ ಎಡವುತ್ತದೆ. ತೆರೆಯಿತೋ ಇಲ್ಲವೋ ಅಂತ ಹೇಳುವುದೂ ಇಲ್ಲ. ಅರ್ಜೆಂಟಿಗೆ ಓಕೆ.

ಪಂಚಗಂಗಾವಳಿ
ಇಷ್ಟೆಲ್ಲ ಯಾಕೆ? ಆಕ್ಸೆಸ್ 2007ರಿಂದ ಅಟ್ಯಾಚ್‌ಮೆಂಟ್ ಅಂತ ಒಂದು ಕಾಲಂ ಬಗೆ ಉಂಟು. ಫೈಲನ್ನೇ ಡೇಟಾಬೇಸ್ ಒಳಗೆ ಹಾಕಿಬಿಡಿ. ಝಡ್ ಇಲ್ಲ, ವೈ ಇಲ್ಲ, # ಇಲ್ಲ. ಡಬಲ್ ಕ್ಲಿಕ್ ಮಾಡಿದರೆ ಪಟ್ಟಿ ಬರುತ್ತದೆ, ಬೇಕಾದ್ದು ತೆರೆಯಬಹುದು. ನಾನು ಕುಂದಾಪುರದಲ್ಲಿ ಒಂದು ಸಣ್ಣ ಸಂಘದ ಲೆಕ್ಕ ಹೀಗೇ ಇಟ್ಟಿದ್ದೇನೆ. ಬ್ಯಾಕಪ್‌ಗೆ ಒಂದೇ ಫೈಲ್ ನಕಲು ಮಾಡಿದರೆ ಮುಗಿಯಿತು.

ಮಣ್ಣಪಳ್ಳ
ಅಕ್ಕ, ಸಣ್ಣ ಸಂಘಕ್ಕೆ ಅದು ಸರಿಯೇ. ಬಟನ್ ಕೂಡ ಬೇಡ. ಇವರದ್ದು ಸ್ಕ್ಯಾನ್ ಮಾಡಿದ ದಸ್ತಾವೇಜು. ಆಕ್ಸೆಸ್ ಫೈಲ್ 2 ಜಿಬಿ ದಾಟುವ ಹಾಗಿಲ್ಲ, ಟೇಬಲ್, ಅಟ್ಯಾಚ್‌ಮೆಂಟ್ ಎಲ್ಲ ಸೇರಿ. ಅಟ್ಯಾಚ್‌ಮೆಂಟ್ ಹಾಕುವಾಗ ಆಕ್ಸೆಸ್ ಸ್ವಲ್ಪ ಕುಗ್ಗಿಸುತ್ತದೆ ನಿಜ, ಆದರೆ ಸ್ಕ್ಯಾನ್ ಪಿಡಿಎಫ್, ಜೆಪೆಗ್ ಮೊದಲೇ ಕುಗ್ಗಿದ್ದು, ಅದರಲ್ಲಿ ಉಳಿತಾಯ ಏನೂ ಇಲ್ಲ. ಇಪ್ಪತ್ತು ಪುಟದ ಒಂದು ವಿಭಾಗಪತ್ರ ಕಲರ್‌ನಲ್ಲಿ ಸ್ಕ್ಯಾನ್ ಮಾಡಿದರೆ ಎಷ್ಟಾಗುತ್ತದೆ ನೋಡಿ. ಹಾಗೆ ಸಾವಿರ.

ಮತ್ತೊಂದು, ಅಟ್ಯಾಚ್‌ಮೆಂಟ್‌ನಿಂದ ತೆರೆದ ವರ್ಡ್ ಫೈಲ್ ನಿಜವಾಗಿ ಟೆಂಪ್ ಫೋಲ್ಡರಿನಲ್ಲಿ ಒಂದು ನಕಲಾಗಿ ತೆರೆಯುವುದು. ಡ್ರಾಫ್ಟ್ ತಿದ್ದಿ ಸೇವ್ ಮಾಡಿದರೂ ಆಕ್ಸೆಸ್ ಒಳಗೆ ವಾಪಸ್ ಸೇರಿಸಬೇಕಾ ಅಂತ ಆಮೇಲೆ ಕೇಳುತ್ತದೆ. ಗಡಿಬಿಡಿಯಲ್ಲಿ "ಬೇಡ" ಒತ್ತಿದರೆ ತಿದ್ದಿದ್ದು ಹೋಯ್ತು. ವಕೀಲರ ಆಫೀಸಿನಲ್ಲಿ ಗಡಿಬಿಡಿ ಇಲ್ಲದ ದಿನ ಯಾವುದು?

ಪಂಚಗಂಗಾವಳಿ
2 ಜಿಬಿ ವಿಷಯ ಒಪ್ಪಿದೆ. ಆದರೆ ಹೊರಗೆ ಇಟ್ಟ ಫೈಲನ್ನು ಯಾರು ಬೇಕಾದರೂ ಎಳೆದು ಇನ್ನೊಂದು ಫೋಲ್ಡರಿಗೆ ಹಾಕಬಹುದು, ಅಳಿಸಬಹುದು. ಡೇಟಾಬೇಸ್‌ಗೆ ಅದು ಗೊತ್ತೇ ಆಗುವುದಿಲ್ಲ. ಅದಕ್ಕೆ ನಿಮ್ಮ ಉತ್ತರ ಎಂತ?

ನಿವೃತ್ತ_ಕ್ಯಾಶಿಯರ್
ಮೇಡಂ ಹೇಳಿದ್ದು ಸರಿ. ಇದು ಕಂಪ್ಯೂಟರಿಗಿಂತ ಹೆಸರಿಡುವ ವಿಷಯ. ಒಂದು ಉದಾಹರಣೆ ಹೇಳುತ್ತೇನೆ.

ಪರಿಚಯದ ಒಂದು ಆಫೀಸಿನಲ್ಲಿ ಅಡವು ಪತ್ರಗಳನ್ನು ಬ್ಯಾಂಕಿನ ಹೆಸರಿನ ಫೋಲ್ಡರಿನಲ್ಲಿ ಇಟ್ಟಿದ್ದರು. ನಮ್ಮ ಜಿಲ್ಲೆಯಲ್ಲಿ ಬ್ಯಾಂಕಿಗೆ ಬರಗಾಲ ಇಲ್ಲ ನೋಡಿ. ಕಾರ್ಪೊರೇಶನ್ ಬ್ಯಾಂಕ್ 1906ರಲ್ಲಿ ಉಡುಪಿಯಲ್ಲೇ ಹುಟ್ಟಿದ್ದು, ಸಿಂಡಿಕೇಟ್ 1925ರಲ್ಲಿ ಉಡುಪಿಯಲ್ಲೇ, ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರಿನಲ್ಲಿ. 2019ರ ಏಪ್ರಿಲ್‌ನಲ್ಲಿ ವಿಜಯಾ ಹೋಗಿ ಬ್ಯಾಂಕ್ ಆಫ್ ಬರೋಡಾ ಸೇರಿತು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ. ಅಲ್ಲಿ ಒಬ್ಬ ಚುರುಕು ಹುಡುಗ ಫೋಲ್ಡರ್‌ಗಳ ಹೆಸರನ್ನೆಲ್ಲ ಹೊಸ ಬ್ಯಾಂಕಿಗೆ ಬದಲಾಯಿಸಿದ. ಸಿಂಡಿಕೇಟ್ ಫೋಲ್ಡರಿನದ್ದೆಲ್ಲ ಕೆನರಾದೊಳಗೆ ಸುರಿದ. ಮರುದಿನ ಡೇಟಾಬೇಸ್‌ನಿಂದ ಒಂದು ಪತ್ರವೂ ತೆರೆಯಲಿಲ್ಲ. ಹುಡುಗನ ತಪ್ಪು ಅಂತ ನಾನು ಹೇಳುವುದಿಲ್ಲ, ಬ್ಯಾಂಕಿನ ಹೆಸರನ್ನು ಪಾತ್‌ನಲ್ಲಿ ಸೇರಿಸಿದ್ದೇ ಸರಿ ಇರಲಿಲ್ಲ. ಮೂಲೆಯ ಹೋಟೆಲಿನ ಹೆಸರು ಹೇಳಿ ಮನೆಯ ವಿಳಾಸ ಕೊಟ್ಟ ಹಾಗೆ, ಹೋಟೆಲ್ ಮುಚ್ಚಿದರೆ ಮನೆ ಸಿಗುವುದಿಲ್ಲ.

ಮಣ್ಣಪಳ್ಳ
ಸರ್, ಇದು ಬಹಳ ಒಳ್ಳೆ ಉದಾಹರಣೆ. ತಾಲೂಕಿಗೂ ಇದೇ ಕಥೆ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ, ಅದಕ್ಕಿಂತ ಹಿಂದಿನ ಪತ್ರದಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಅಂತಲೇ ಇರುತ್ತದೆ. ಆಮೇಲೆ ಬ್ರಹ್ಮಾವರ, ಕಾಪು, ಬೈಂದೂರು, ಹೆಬ್ರಿ ಬೇರೆ ತಾಲೂಕು ಆದವು. ಬ್ರಹ್ಮಾವರದ ಒಂದು ಜಾಗದ 1985ರ ಕ್ರಯಪತ್ರ ಯಾವ ಫೋಲ್ಡರಿಗೆ? ದಕ್ಷಿಣ ಕನ್ನಡಕ್ಕಾ, ಉಡುಪಿ ತಾಲೂಕಿಗಾ, ಬ್ರಹ್ಮಾವರಕ್ಕಾ? ಮೂವರು ಕೂತರೆ ಮೂರು ಉತ್ತರ.

ಈ ಎಲ್ಲ ವಿವರಕ್ಕೆ ಟೇಬಲ್ ಉಂಟಲ್ಲ! ಜಿಲ್ಲೆ, ತಾಲೂಕು, ಗ್ರಾಮ, ಸರ್ವೆ ನಂಬರ್, ಬ್ಯಾಂಕ್ ಎಲ್ಲ ಅಲ್ಲಿ ಕಾಲಂ ಆಗಲಿ. ಅಲ್ಲಿ ಬದಲಾದರೆ ಬದಲಾಗಲಿ. ಫೈಲ್ ಹೆಸರಿನಲ್ಲಿ ಬದಲಾಗದ ಒಂದೇ ಸಂಗತಿ ಇರಲಿ, ದಾಖಲೆಯ ಐಡಿ ನಂಬರ್. 4512 ಅನ್ನುವ ದಾಖಲೆಗೆ ಫೈಲ್ ಹೆಸರು 4512 ಡಾಟ್ ಪಿಡಿಎಫ್.

ಮತ್ತೆ ಪೂರ್ತಿ ಪಾತ್ ಕಾಲಂನಲ್ಲಿ ಬರೆಯಬೇಡಿ. ಫೈಲ್ ಹೆಸರು ಮಾತ್ರ ಬರೆಯಿರಿ. ಫೋಲ್ಡರ್ ಎಲ್ಲಿದೆ ಅನ್ನುವುದು ಒಂದು ಸಣ್ಣ ಸೆಟ್ಟಿಂಗ್ ಟೇಬಲ್‌ನಲ್ಲಿ ಒಂದೇ ಸಾಲು ಇರಲಿ. ಬಟನ್ ಒತ್ತಿದಾಗ ಡಿಲುಕಪ್ ಅನ್ನುವ ಫಂಕ್ಷನ್‌ನಿಂದ ಆ ಸಾಲು ಓದಿ, ಎರಡನ್ನೂ ಜೋಡಿಸಿ, ಆಮೇಲೆ ತೆರೆಯುವುದು. ನಾಳೆ ಸರ್ವರ್ ಕಂಪ್ಯೂಟರ್ ಬದಲಾದರೆ ಒಂದು ಸಾಲು ತಿದ್ದಿದರೆ ಸಾಕು.

ಆ ಸಾಲಿನಲ್ಲಿ ಝಡ್ ಅಂತ ಬರೆಯದೆ ಎರಡು ಬ್ಯಾಕ್‌ಸ್ಲ್ಯಾಶ್, ಕಂಪ್ಯೂಟರಿನ ಹೆಸರು, ಶೇರ್‌ನ (ಹಂಚಿಕೊಂಡ ಫೋಲ್ಡರಿನ) ಹೆಸರು ಹೀಗೆ ಬರೆಯಿರಿ. ಯುಎನ್‌ಸಿ ಪಾತ್ ಅನ್ನುತ್ತಾರೆ. ಯಾರ ಕಂಪ್ಯೂಟರಿನಲ್ಲಿ ಯಾವ ಡ್ರೈವ್ ಅಕ್ಷರ ಅನ್ನುವ ರಗಳೆಯೇ ಇಲ್ಲ.

ಬಂದರಿನವ
+1. ಕಂಪ್ಯೂಟರಿನ ಹೆಸರೇ ಬರೆಯಿರಿ, ಐಪಿ ನಂಬರ್ ಬೇಡ. ಐಪಿಯಲ್ಲಿ ಚುಕ್ಕೆ ಇರುವುದರಿಂದ ವಿಂಡೋಸ್ ಅದನ್ನು ಹೊರಗಿನ ಇಂಟರ್ನೆಟ್ ಅಂತ ತಿಳಿಯುತ್ತದೆ, ಆಮೇಲೆ ಒಂದೊಂದು ಫೈಲಿಗೂ ವೈರಸ್ ಇರಬಹುದು ಎಂಬ ಎಚ್ಚರಿಕೆ ಬರಲು ಶುರು.

ದಸ್ತಾವೇಜು_ಉಡುಪಿ
ಐಡಿ ನಂಬರ್ ಮಾತ್ರ ಹೆಸರಾದರೆ ಭಯ ಆಗುತ್ತದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗುವ ವಿಷಯ ನಿಮಗೆಲ್ಲ ಗೊತ್ತಲ್ಲ. ಆಕ್ಸೆಸ್ ಫೈಲ್ ಕೆಟ್ಟುಹೋದರೆ 4512 ಅಂದರೆ ಯಾರ ಜಾಗ ಅಂತ ಹೇಗೆ ಹುಡುಕುವುದು? ಕೋರ್ಟಿಗೆ ಹನ್ನೊಂದು ಗಂಟೆಗೆ ಬೇಕು ಅಂದರೆ ಹನ್ನೊಂದಕ್ಕೇ ಬೇಕು.

ಇನ್ನೊಂದು, ಈಗ ಸರ್ವೆ ನಂಬರ್ ಹೆಸರಿನಲ್ಲಿ ಹಾಕುವಾಗಲೂ ಕಷ್ಟವೇ. 112/3ಪಿ1 ಅಂತ ಬರೆಯಲು ವಿಂಡೋಸ್ ಬಿಡುವುದಿಲ್ಲ, ಸ್ಲ್ಯಾಶ್ ಬೇಡ ಅನ್ನುತ್ತದೆ. ಪಂಚಾಯತಿನ ನಮೂನೆ 9/11 ಕೂಡ ಹಾಗೆ. ಒಬ್ಬರು ಗೆರೆ ಹಾಕುತ್ತಾರೆ, ಇನ್ನೊಬ್ಬರು ಅಂಡರ್‌ಸ್ಕೋರ್, ಮತ್ತೊಬ್ಬರು ಸ್ಪೇಸ್.

ನಿವೃತ್ತ_ಕ್ಯಾಶಿಯರ್
ಆ ಭಯ ಸಹಜ. ಹಳೇ ಕಾಲದಲ್ಲಿ ಲೆಡ್ಜರಿಗೆ ಒಂದು ಇಂಡೆಕ್ಸ್ ಪುಸ್ತಕ ಬೇರೆ ಇರುತ್ತಿತ್ತು. ನೀವೂ ದಿನಾ ಸಂಜೆ ಐಡಿ, ಕಕ್ಷಿದಾರರ ಹೆಸರು, ಗ್ರಾಮ, ಸರ್ವೆ ನಂಬರ್ ಇರುವ ಪಟ್ಟಿಯನ್ನು ಎಕ್ಸೆಲ್‌ಗೆ ಎಕ್ಸ್‌ಪೋರ್ಟ್ ಮಾಡಿ ಅದೇ ಫೋಲ್ಡರಿನಲ್ಲಿ ಇಡಿ. ಅದಕ್ಕೂ ಒಂದು ಬಟನ್ ಮಾಡಬಹುದು. ಆಕ್ಸೆಸ್ ಹೋದರೂ ಪಟ್ಟಿ ನೋಡಿ ಫೈಲ್ ತೆಗೆಯಬಹುದು.

ಬಂದರಿನವ
ನಾನು ನಮ್ಮ ಗೋಡೌನಿನಲ್ಲಿ ಇನ್ನೊಂದು ದಾರಿ ಮಾಡಿದ್ದೇನೆ. ಐಡಿ ಮೊದಲು, ಅಂಡರ್‌ಸ್ಕೋರ್, ಆಮೇಲೆ ಮನುಷ್ಯರಿಗೆ ಬೇಕಾದ ಏನಾದರೂ. ಕೋಡ್ ಐಡಿ ಮತ್ತು ಅಂಡರ್‌ಸ್ಕೋರ್ ಮಾತ್ರ ನೋಡುತ್ತದೆ, ಮುಂದಿನದ್ದಕ್ಕೆ ಸ್ಟಾರ್ ಹಾಕಿ ಹುಡುಕುತ್ತದೆ. ಯಾರೋ ಮುಂದಿನ ಭಾಗ ತಿದ್ದಿದರೂ ಸಿಗುತ್ತದೆ. ಅಂಡರ್‌ಸ್ಕೋರ್ ಮರೆಯಬೇಡಿ, ಇಲ್ಲದಿದ್ದರೆ 45 ಹುಡುಕಲು ಹೋದಾಗ 4512 ಕೂಡ ಕೈಗೆ ಬರುತ್ತದೆ.

ಮಣ್ಣಪಳ್ಳ
ನನಗೆ ಅದು ಅಷ್ಟು ಇಷ್ಟ ಆಗುವುದಿಲ್ಲ. ಬಾಲ ಇದ್ದರೆ ಜನ ಬಾಲ ತಿದ್ದುತ್ತಾ ಕೂರುತ್ತಾರೆ, ಒಂದು ದಿನ ತಲೆಯನ್ನೂ ತಿದ್ದುತ್ತಾರೆ. ಆದರೆ ದಸ್ತಾವೇಜು ಅಣ್ಣನ ಕಡೆಯಿಂದ ನೋಡಿದರೆ ಕೋರ್ಟಿನ ದಿನ ಕೈಯಲ್ಲೇ ಹುಡುಕುವ ಪ್ರಸಂಗ ಬರಬಹುದು. ಅವರಿಗೆ ಬಂದರಿನವರ ದಾರಿಯೇ ಆಗಬಹುದು.

ಹೊಸ ಫೈಲ್ ಸೇರಿಸುವಾಗ ಜನ ಕೈಯಿಂದ ಹೆಸರಿಡುವುದೇ ಬೇಡ. ಫಾರ್ಮ್‌ನಲ್ಲಿ "ಫೈಲ್ ಸೇರಿಸು" ಅಂತ ಎರಡನೇ ಬಟನ್ ಮಾಡಿ. ಒತ್ತಿದರೆ ಫೈಲ್‌ಡೈಲಾಗ್ ಬರಲಿ, ಸ್ಕ್ಯಾನರ್ ಫೋಲ್ಡರಿನಿಂದ ಆರಿಸಲಿ, ಕೋಡೇ ಅದನ್ನು ಹೊಸ ಹೆಸರಿನಲ್ಲಿ ನಕಲು ಮಾಡಿ ಆ ಹೆಸರನ್ನು ಕಾಲಂನಲ್ಲಿ ಬರೆಯಲಿ. ಹೊಸ ದಾಖಲೆ ಆದರೆ ಮೊದಲು ಆ ಸಾಲು ಸೇವ್ ಆಗಬೇಕು, ಆಮೇಲೆ ಫೈಲ್. ಸೇವ್ ಆಗದೆ ಫಾರ್ಮ್ ಮುಚ್ಚಿದರೆ ಫೈಲ್ ಫೋಲ್ಡರಿನಲ್ಲಿ ಅನಾಥ.

ಮತ್ತೆ ಪಂಚಗಂಗಾವಳಿ ಅಕ್ಕ ಕೇಳಿದ್ದಕ್ಕೆ ಉತ್ತರ: ಆ ಶೇರ್‌ನಲ್ಲಿ ಫೈಲ್ ಸೇರಿಸುವ ಒಬ್ಬರಿಬ್ಬರಿಗೆ ಮಾತ್ರ ಬರೆಯುವ ಅನುಮತಿ ಕೊಡಿ, ಉಳಿದವರಿಗೆ ಓದುವುದು ಮಾತ್ರ. ಇದನ್ನು ಆಕ್ಸೆಸ್ ಮಾಡುವುದಿಲ್ಲ, ವಿಂಡೋಸ್‌ನಲ್ಲಿ ಫೋಲ್ಡರಿನ ಶೇರಿಂಗ್ ಮತ್ತು ಸೆಕ್ಯೂರಿಟಿಯಲ್ಲಿ ಮಾಡಬೇಕು. ಫಾರ್ಮ್‌ಗೆ ಪಾಸ್‌ವರ್ಡ್ ಹಾಕಿದರೆ ಫೈಲ್ ಭದ್ರ ಅಂತ ಕೆಲವರು ತಿಳಿಯುತ್ತಾರೆ. ಫೋಲ್ಡರಿಗೆ ನೇರ ಹೋದವನಿಗೆ ಆ ಪಾಸ್‌ವರ್ಡ್ ಲೆಕ್ಕಕ್ಕೇ ಇಲ್ಲ.

ದಸ್ತಾವೇಜು_ಉಡುಪಿ
ಶೆಲ್‌ಎಕ್ಸಿಕ್ಯೂಟ್ ಹಾಕಿದೆ. # ಇರುವ ಫೈಲ್‌ಗಳೆಲ್ಲ ತೆರೆಯುತ್ತಿವೆ! ತೆರೆಯುವ ಮೊದಲು ಫೈಲ್ ಉಂಟಾ ಇಲ್ವಾ ಅಂತ ಡಿರ್ ಫಂಕ್ಷನ್‌ನಿಂದ ನೋಡುವ ಒಂದು ಸಾಲನ್ನೂ ಸೇರಿಸಿದೆ. ಈಗ ಹೊಸ ತಲೆನೋವು. ಮೊದಲು ತೆರೆಯುತ್ತಿದ್ದ ಕನ್ನಡ ಹೆಸರಿನ ಫೈಲ್‌ಗಳು ಇಲ್ಲ ಅನ್ನುತ್ತಿದೆ. ಮೆಸೇಜ್ ಬಾಕ್ಸ್‌ನಲ್ಲಿ ಹೆಸರು ತೋರಿಸಿದರೆ ಬರೀ ಪ್ರಶ್ನೆ ಚಿಹ್ನೆ.

ಬಂದರಿನವ
ಇದೊಂದು ಉಳಿದಿತ್ತು. ಆಕ್ಸೆಸ್ ಟೇಬಲ್ ಯುನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ಜಾಗ ಇರುವ ಪದ್ಧತಿ), ಕನ್ನಡ ಸರಿಯಾಗಿ ಇರುತ್ತದೆ. ವಿಬಿಎಯ ಒಳಗೂ ಸ್ಟ್ರಿಂಗ್ ಯುನಿಕೋಡೇ. ಆದರೆ ಡಿರ್, ಮೆಸೇಜ್ ಬಾಕ್ಸ್, ಕೋಡ್ ಬರೆಯುವ ಆ ಎಡಿಟರ್, ಇವೆಲ್ಲ ಹಳೇ ಆನ್ಸಿ (ಒಂದು ಸಲಕ್ಕೆ ಕೆಲವೇ ಭಾಷೆಯ ಅಕ್ಷರ ಹಿಡಿಸುವ ಪದ್ಧತಿ) ಕಾಲದವು. ಅಲ್ಲಿಗೆ ಹೋಗುವಾಗ ಕನ್ನಡ ಅಕ್ಷರ ಪ್ರಶ್ನೆ ಚಿಹ್ನೆ ಆಗುತ್ತದೆ. ರಷ್ಯನ್, ಅರೇಬಿಕ್‌ನವರು ವಿಂಡೋಸ್‌ನ ಸಿಸ್ಟಮ್ ಲೊಕೇಲ್ (ಹಳೇ ಪ್ರೋಗ್ರಾಂಗಳಿಗೆ ಭಾಷೆ ಆರಿಸುವ ಸೆಟ್ಟಿಂಗ್) ಬದಲಾಯಿಸಿ ಹೇಗೋ ಪಾರಾಗುತ್ತಾರೆ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಆನ್ಸಿ ಕೋಡ್ ಪೇಜೇ (ಆ ಪದ್ಧತಿಯ ಅಕ್ಷರ ಪಟ್ಟಿ) ಇಲ್ಲ, ಮೊದಲಿನಿಂದಲೂ ಯುನಿಕೋಡ್ ಮಾತ್ರ. ಹಾಗಾಗಿ ಆ ದಾರಿ ನಮಗೆ ಮುಚ್ಚಿದೆ.

ಡಿರ್ ತೆಗೆದು ಫೈಲ್‌ಸಿಸ್ಟಮ್‌ಆಬ್ಜೆಕ್ಟ್‌ನ ಫೈಲ್‌ಎಕ್ಸಿಸ್ಟ್ಸ್ ಹಾಕಿ. ನಕಲು ಮಾಡಲು ಅದರದ್ದೇ ಕಾಪಿಫೈಲ್. ಎರಡಕ್ಕೂ ಕನ್ನಡ ಗೊತ್ತು. ಶೆಲ್‌ಎಕ್ಸಿಕ್ಯೂಟ್‌ನಲ್ಲೂ ನೋಡಿ, ಡಿಕ್ಲೇರ್ ಸಾಲಿನಲ್ಲಿ ಕೊನೆಗೆ ಎ ಅಕ್ಷರ ಇದ್ದರೆ ಅದು ಆನ್ಸಿ, ಡಬ್ಲ್ಯೂ ಇದ್ದರೆ ಯುನಿಕೋಡ್. ಡಬ್ಲ್ಯೂ ಹಾಕಿ, ಪಾತನ್ನು ಸ್ಟ್ರಿಂಗ್ ಆಗಿ ಕೊಡದೆ ಎಸ್‌ಟಿಆರ್‌ಪಿಟಿಆರ್ ಒಳಗೆ ಕೊಡಿ, ಡಿಕ್ಲೇರ್‌ನಲ್ಲಿ ಆ ಜಾಗಕ್ಕೆ ಲಾಂಗ್‌ಪಿಟಿಆರ್. ಸಂದೇಶಕ್ಕೆ ಮೆಸೇಜ್ ಬಾಕ್ಸ್ ಬೇಡ, ಒಂದು ಸಣ್ಣ ಫಾರ್ಮ್ ಮಾಡಿ ಲೇಬಲ್‌ನಲ್ಲಿ ತೋರಿಸಿ, ಅಲ್ಲಿ ಕನ್ನಡ ಬರುತ್ತದೆ.

ಮಣ್ಣಪಳ್ಳ
ನಾನು ಸ್ಟಾರ್ ಹಾಕಿ ಹುಡುಕುವುದು ಬೇಡ ಅಂದದ್ದಕ್ಕೆ ಇದೂ ಒಂದು ಕಾರಣ. ಅದಕ್ಕೆ ಡಿರ್ ಬೇಕು. ಬಾಲದಲ್ಲಿ ಕನ್ನಡ ಇದ್ದರೆ ಡಿರ್ ಕೊಡುವ ಹೆಸರೇ ಪ್ರಶ್ನೆ ಚಿಹ್ನೆ ತುಂಬಿ ಬರುತ್ತದೆ.

ಬಂದರಿನವ
ನಮ್ಮಲ್ಲಿ ಬಾಲ ಇಂಗ್ಲಿಷ್ ಅಕ್ಷರದಲ್ಲಿ. ಆದರೂ ಒಪ್ಪಿದೆ.

ಕಾಪು_ದೀಪ
ಕನ್ನಡ ಹೆಸರಿನಲ್ಲಿ ಇನ್ನೊಂದು ಮೋಸ ಉಂಟು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. "ಕೊ" ಬರೆಯುವಾಗ ಒತ್ವವನ್ನು ಒಂದೇ ಯುನಿಕೋಡ್ ಚಿಹ್ನೆಯಾಗಿ ಬರೆಯಬಹುದು, ಎತ್ವ ಮತ್ತು ಊತ್ವ ಎರಡು ಚಿಹ್ನೆ ಸೇರಿಸಿಯೂ ಬರೆಯಬಹುದು. ಪರದೆ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ವಿಂಡೋಸ್ ಫೈಲ್ ಹೆಸರು ಹೋಲಿಸುವಾಗ ಇವೆರಡನ್ನು ಒಂದೇ ಅಂತ ನೋಡುವುದಿಲ್ಲ. ಕೊಡವೂರು ಅಂತ ಟೇಬಲ್‌ನಲ್ಲಿ ಒಂದು ರೀತಿ, ಫೈಲ್ ಹೆಸರಿನಲ್ಲಿ ಇನ್ನೊಂದು ರೀತಿ ಇದ್ದರೆ ಮುಗಿಯಿತು, ಎಷ್ಟು ನೋಡಿದರೂ ತಪ್ಪು ಸಿಗುವುದಿಲ್ಲ. ಪದದ ಕೊನೆಯಲ್ಲಿ ಅಕ್ಷರ ಕೂಡದ ಹಾಗೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆ ಒಂದು ಉಳಿದುಬಿಡುವುದೂ ಉಂಟು.

ನುಡಿ, ಬರಹ ಸಾಫ್ಟ್‌ವೇರ್‌ಗಳ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ ಇನ್ನೂ ಚಂದ. ಆಕ್ಸೆಸ್‌ನಲ್ಲಿ ಫಾಂಟ್ ಹಾಕಿರುವುದರಿಂದ ಕನ್ನಡ ಕಾಣುತ್ತದೆ, ಫೋಲ್ಡರಿನಲ್ಲಿ ನೋಡಿದರೆ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ.

ದಸ್ತಾವೇಜು_ಉಡುಪಿ
ನಮ್ಮ ಹಳೇ ಫೈಲ್‌ಗಳಲ್ಲಿ ಈ ಕಲಸುಮೇಲೋಗರ ಬೇಕಾದಷ್ಟು ಉಂಟು! ಐಡಿ ನಂಬರೇ ಇಡುತ್ತೇವೆ, ಬಾಲ ಬೇಡ. ವಕೀಲರಿಗೂ ಹೇಳಿ ಒಪ್ಪಿಸಿದೆ, ಎಕ್ಸೆಲ್ ಪಟ್ಟಿ ಇರುತ್ತದೆ ಅಂದ ಮೇಲೆ ಸುಮ್ಮನಾದರು. ಹಳೇ ಫೈಲ್‌ಗಳನ್ನು ಕೋಡ್‌ನಿಂದಲೇ ಹೊಸ ಹೆಸರಿಗೆ ನಕಲು ಮಾಡುತ್ತಿದ್ದೇನೆ. ಮೂಲ ಫೋಲ್ಡರ್ ಮುಟ್ಟುವುದಿಲ್ಲ. ಕಾಲಂನಲ್ಲಿರುವ ಹಳೇ ಪಾತ್‌ನಲ್ಲಿ ಫೈಲ್ ಸಿಗದಿದ್ದರೆ ಆ ಐಡಿ ಒಂದು ಬೇರೆ ಟೇಬಲ್‌ಗೆ ಹೋಗುತ್ತದೆ, ಅದನ್ನು ಕೈಯಲ್ಲಿ ಹುಡುಕುತ್ತೇವೆ.

ನಿವೃತ್ತ_ಕ್ಯಾಶಿಯರ್
ಬಹಳ ಸಂತೋಷ. ಕೈಯಲ್ಲಿ ಹುಡುಕಬೇಕಾದ ಪಟ್ಟಿಯನ್ನು ಇಬ್ಬರು ಕೂತು ನೋಡಿ. ಒಂದೇ ಕುಟುಂಬದ ಎರಡು ವಿಭಾಗಪತ್ರ ಇದ್ದರೆ ಒಬ್ಬರಿಗೆ ಅದಲುಬದಲು ಆಗುವುದು ಸುಲಭ.

ಸುರತ್ಕಲ್_ಬೋಗಿ
ಆಕ್ಸೆಸ್ ಬಿಟ್ಟು ಒಂದು ವೆಬ್ ಆಪ್ ಮಾಡಿದರೆ ಇದೆಲ್ಲ ಇರುತ್ತಿರಲಿಲ್ಲ ಅಲ್ವಾ? ನಾನು ಮಾಡಿಕೊಡಬಲ್ಲೆ.

ಮಣ್ಣಪಳ್ಳ
ಮಾಡು ತಮ್ಮ, ಆದರೆ ಒಂದು ನೆನಪಿಟ್ಟುಕೋ. ವೆಬ್ ಪುಟದಿಂದ ಕಂಪ್ಯೂಟರಿನ ಅಥವಾ ಶೇರ್‌ನ ಫೈಲಿಗೆ ನೇರ ಲಿಂಕ್ ಕೊಟ್ಟರೆ ಕ್ರೋಮ್, ಫೈರ್‌ಫಾಕ್ಸ್ ಎರಡೂ ತೆರೆಯುವುದಿಲ್ಲ, ಭದ್ರತೆಗೆ ಅದನ್ನು ತಡೆದಿದ್ದಾರೆ. ಸರ್ವರ್ ಮೂಲಕವೇ ಫೈಲ್ ಕಳಿಸಬೇಕು. ಪಿಡಿಎಫ್ ಆದರೆ ಬ್ರೌಸರಿನಲ್ಲೇ ಕಾಣುತ್ತದೆ. ವರ್ಡ್ ಡ್ರಾಫ್ಟ್ ಆದರೆ ಡೌನ್‌ಲೋಡ್ ಆಗುತ್ತದೆ, ತಿದ್ದಿ ಮತ್ತೆ ಅಪ್‌ಲೋಡ್ ಮಾಡಬೇಕು. ಟೈಪಿಸ್ಟ್‌ಗೆ ದಿನಾ ಅದೇ ಕೆಲಸ ಆದರೆ ನಿನಗೇ ಬೈಯುತ್ತಾಳೆ.

ಕಾಪು_ದೀಪ
ನಾನು ಆಕ್ಸೆಸ್ ಬದಲು ಲಿಬ್ರೆಆಫೀಸ್ ಬೇಸ್ ಅನ್ನುವ ಡೇಟಾಬೇಸ್ ಬಳಸುವುದು. ಅಲ್ಲಿ ಬಟನ್‌ನ ಪ್ರಾಪರ್ಟೀಸ್‌ನಲ್ಲಿ ಡಾಕ್ಯುಮೆಂಟ್ ತೆರೆಯುವ ಆಕ್ಷನ್ ಉಂಟು, ಆದರೆ ಯಾವ ಸಾಲಿನಲ್ಲಿ ಒತ್ತಿದರೂ ಒಂದೇ ಫೈಲ್ ತೆರೆಯುತ್ತದೆ. ಇದಕ್ಕೆ ಎಂತ ಮಾಡುವುದು?

ಮಣ್ಣಪಳ್ಳ
ಅದು ಬಟನ್‌ಗೆ ಒಂದು ವಿಳಾಸ ಬರೆದಿಡುವುದು ಮಾತ್ರ, ಸಾಲಿಗೆ ತಕ್ಕ ಹಾಗೆ ಬದಲಾಗುವುದಿಲ್ಲ. ಮ್ಯಾಕ್ರೋ ಬೇಕು. ಫಾರ್ಮ್‌ನ ಈಗಿನ ಸಾಲಿನಿಂದ ಹೆಸರು ಓದಿ, ಪಾತ್ ಜೋಡಿಸಿ, ಕನ್ವರ್ಟ್‌ಟುಯುಆರ್‌ಎಲ್‌ಗೆ ಕೊಟ್ಟರೆ ಸ್ಪೇಸ್, ಕನ್ನಡ ಎಲ್ಲ ಅದೇ ನೋಡಿಕೊಳ್ಳುತ್ತದೆ. ಆಮೇಲೆ ಸಿಸ್ಟಮ್‌ಶೆಲ್‌ಎಕ್ಸಿಕ್ಯೂಟ್ ಅನ್ನುವ ಸರ್ವೀಸಿಗೆ ಕಳಿಸಿ. ಲಿನಕ್ಸ್‌ನಲ್ಲೂ ಅದೇ ಕೋಡ್ ನಡೆಯುತ್ತದೆ.

ದಸ್ತಾವೇಜು_ಉಡುಪಿ
ಕೊನೆಯದಾಗಿ ಒಂದು ಕೇಳುತ್ತೇನೆ. ಫೈಲ್ ಇನ್ನೂ ಸ್ಕ್ಯಾನ್ ಆಗದ ಸಾಲಿನಲ್ಲಿ ಬಟನ್ ಮಂಕಾಗಿ ಕಾಣಬೇಕು. ಆನ್ ಕರೆಂಟ್ ಇವೆಂಟ್‌ನಲ್ಲಿ (ಒಂದು ಸಾಲಿಗೆ ಬಂದಾಗ ಓಡುವ ಕೋಡ್) ಎನೇಬಲ್ಡ್ ಅನ್ನು ಫಾಲ್ಸ್ ಮಾಡಿದೆ. ಒಂದು ಸಾಲಿಗೆ ಮಾಡಿದರೆ ಎಲ್ಲ ಸಾಲಿನ ಬಟನ್ ಮಂಕಾಗುತ್ತದೆ!

ಪಂಚಗಂಗಾವಳಿ
ಇದಕ್ಕೆ ನಾನು ಹೇಳುತ್ತೇನೆ. ಕಂಟಿನ್ಯುವಸ್ ಫಾರ್ಮ್‌ನಲ್ಲಿ (ಹಲವು ಸಾಲು ಒಟ್ಟಿಗೆ ಕಾಣುವ ಫಾರ್ಮ್) ಎಷ್ಟು ಸಾಲು ಕಂಡರೂ ಬಟನ್ ನಿಜವಾಗಿ ಒಂದೇ, ಉಳಿದದ್ದೆಲ್ಲ ಅದರದ್ದೇ ಚಿತ್ರ. ಬಟನ್‌ಗೆ ಕಂಡೀಶನಲ್ ಫಾರ್ಮ್ಯಾಟಿಂಗ್ (ಷರತ್ತಿಗೆ ತಕ್ಕ ಹಾಗೆ ಬಣ್ಣ ಬದಲಾಗುವುದು) ಕೂಡ ಇಲ್ಲ. ಟೆಕ್ಸ್ಟ್ ಬಾಕ್ಸ್‌ಗೆ ಉಂಟು. ಹಾಗಾಗಿ ಬಟನ್ ತೆಗೆದು ಒಂದು ಟೆಕ್ಸ್ಟ್ ಬಾಕ್ಸ್ ಇಡಿ, ಅದರ ಕಂಟ್ರೋಲ್ ಸೋರ್ಸ್‌ನಲ್ಲಿ ಸಮ ಚಿಹ್ನೆ ಹಾಕಿ ಕೋಟ್ ಒಳಗೆ "ತೆರೆ" ಅಂತ ಬರೆಯಿರಿ, ಬಣ್ಣ ಹಾಕಿ, ಅಂಚು ಎತ್ತರಿಸಿ. ಫೈಲ್ ಹೆಸರು ಖಾಲಿ ಇದ್ದರೆ ಬೂದು ಬಣ್ಣ ಅಂತ ಕಂಡೀಶನ್.

ದಸ್ತಾವೇಜು_ಉಡುಪಿ
ಟೆಕ್ಸ್ಟ್ ಬಾಕ್ಸ್‌ಗೆ ಕ್ಲಿಕ್ ಬರುತ್ತದಾ ಅಕ್ಕ?

ಪಂಚಗಂಗಾವಳಿ
ಬರುತ್ತದೆ, ಬಟನ್‌ನ ಹಾಗೆಯೇ ಆನ್ ಕ್ಲಿಕ್ ಉಂಟು. ಈಗಿನ ಕೋಡನ್ನು ಅಲ್ಲಿಗೆ ಹಾಕಿ. ಲಾಕ್ಡ್ ಅನ್ನು ಯೆಸ್ ಮಾಡಿ, ಯಾರೂ ಅದರೊಳಗೆ ಟೈಪ್ ಮಾಡಲು ನೋಡಬಾರದು. ಕೋಡ್‌ನ ಮೊದಲ ಸಾಲಿನಲ್ಲಿ ಎನ್‌ಝಡ್ ಫಂಕ್ಷನ್ ಹಾಕಿ ಖಾಲಿಯಾ ಅಂತ ನೋಡಿ, ಖಾಲಿ ಆದರೆ ಅಲ್ಲಿಂದಲೇ ವಾಪಸ್. ಇಲ್ಲದಿದ್ದರೆ ಬೂದು ಬಣ್ಣದ್ದನ್ನೂ ಯಾರೋ ಒತ್ತುತ್ತಾರೆ, ನಲ್ (ಖಾಲಿ ಬೆಲೆ) ಬಂದು 94 ನಂಬರಿನ ಎರರ್ ತೋರಿಸುತ್ತದೆ.